ಹೆಸರು ಕೊರೆಸಿದ ಕತ್ತಿ

ಬ್ಯಾಡಗಿಯ ಮೆಣಸಿನಕಾಯಿ ದಲಾಲ ಮಾಲತೇಶಪ್ಪ ತಾನು ಬದುಕಿನಲ್ಲಿ ಒಂದೇ ಒಂದು ಸುಳ್ಳು ಹೇಳಿದ್ದಾಗಿ ಎಲ್ಲರ ಮುಂದೆ ಹೇಳಿಕೊಳ್ಳುತ್ತಾನೆ. ಹಾಗೆ ಹೇಳಿಕೊಳ್ಳುವುದು ಎರಡನೆಯ ಸುಳ್ಳು. ಇರಲಿ, ನಮಗೆ ಬೇಕಾದದ್ದು ಮೊದಲನೆಯದು.

ಅದು ಹುಟ್ಟಿದ್ದು ರಾಣೆಬೆನ್ನೂರಿನಲ್ಲಿ, ಬೀಜದ ವ್ಯಾಪಾರಿ ಗುಡ್ಡಪ್ಪನವರ ಮನೆಯ ಸೋಫಾದ ಮೇಲೆ. ಮಾಲತೇಶಪ್ಪನ ಮಗಳು ಪವಿತ್ರಾಳನ್ನು ಗುಡ್ಡಪ್ಪನವರ ಮಗನಿಗೆ ಕೊಡುವ ಮಾತು ನಡೆದಿತ್ತು. ಹುಡುಗ ಹುಡುಗಿ ಒಪ್ಪಿದ್ದರು, ಹೆಂಗಸರು ಒಪ್ಪಿದ್ದರು, ಉಪ್ಪಿಟ್ಟು ಮುಗಿದು ಚಹಾ ಬಂದಿತ್ತು. ಬೀಗರಾಗುವ ಗಂಡಸರಿಬ್ಬರು ಒಬ್ಬರನ್ನೊಬ್ಬರು ಅಳೆಯುವ ಕೆಲಸ ಮಾತ್ರ ಬಾಕಿಯಿತ್ತು. ಗುಡ್ಡಪ್ಪನವರ ಗಲ್ಲ ನುಣ್ಣಗೆ ಹೊಳೆಯುತ್ತಿತ್ತು, ಅದರ ಮೇಲೆ ಅಳತೆ ಹಿಡಿದು ಕತ್ತರಿಸಿದ ಮೀಸೆ. ಅವರು ಎದ್ದು ಹೋಗಿ ಶೋಕೇಸಿನಿಂದ ಒಂದು ಉದ್ದನೆಯ ಡಬ್ಬಿ ತಂದು ತೆರೆದರು. ಒಳಗೆ ಹಳೆಯ ಕಾಲದ ಮಡಚುವ ಕ್ಷೌರದ ಕತ್ತಿ ಮಲಗಿತ್ತು.

"ನಮ್ಮ ಮುತ್ಯಾಂದ್ರಿ ಇದು. ಇವತ್ತಿಗೂ ನಾ ಇದರಲೇ ಗಡ್ಡ ಮಾಡ್ಕೊಂತೇನಿ. ಈ ಪ್ಲಾಸ್ಟಿಕ್ ರೇಜರೆಲ್ಲಾ ಗಂಡಸರು ಹಿಡಿಯೋ ವಸ್ತು ಅಲ್ರಿ" ಎಂದರು ಗುಡ್ಡಪ್ಪನವರು.

ಮಾಲತೇಶಪ್ಪ ಪ್ಲಾಸ್ಟಿಕ್ ರೇಜರನ್ನೂ ಹಿಡಿದವನಲ್ಲ. ಮುಖದಲ್ಲಿ ಕೂದಲು ಮೂಡಿದಾಗಿನಿಂದ ಇಂದಿನವರೆಗೆ ಅವನ ಗಡ್ಡ ಮಾಡುತ್ತ ಬಂದವನು ಬ್ಯಾಡಗಿಯ ಅಬ್ದುಲರಜಾಕ. ಇಬ್ಬರೂ ಒಂದೇ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ನಪಾಸಾದವರು. ಆದರೆ ಮಗಳ ಮಾವನಾಗುವವನ ಎದುರು ಕೈಕಟ್ಟಿ ಕೂರುವುದೆಂದರೇನು? ಮಾಲತೇಶಪ್ಪ ತನ್ನ ದಪ್ಪ ಮೀಸೆಯ ತುದಿಯನ್ನು ಹುರಿ ಮಾಡುತ್ತ, "ನನ್ನ ಹತ್ರನೂ ಒಂದೈತ್ರಿ ಇಂಥಾದು. ನಂದು ಹೆಸರು ಕೊರಿಸಿದ್ದು" ಎಂದುಬಿಟ್ಟ.

ಪಕ್ಕದಲ್ಲಿದ್ದ ಹೆಂಡತಿ ನಿರ್ಮಲಾಳಿಗೆ ಚಹಾ ನೆತ್ತಿಗೇರಿತು. ಗುಡ್ಡಪ್ಪನವರಿಗೋ ಕಳೆದುಹೋದ ತಮ್ಮ ಸಿಕ್ಕಷ್ಟು ಸಂತೋಷ. "ಹೌದೇನ್ರಿ! ಹಂಗಾರ ನಿಶ್ಚಯಕ್ಕ ನಿಮ್ಮ ಮನಿಗೆ ಬಂದಾಗ ನೋಡೇ ಬಿಡೋಣು. ಬೀಗರಿಬ್ಬರೂ ಒಂದ ಕನ್ನಡಿ ಮುಂದ ನಿಂತು ಗಡ್ಡ ಮಾಡ್ಕೊಳ್ಳೋಣು!"

ಬಸ್ಸಿನಲ್ಲಿ ಮರಳುವಾಗ ನಿರ್ಮಲಾ ಕಿಟಕಿಯ ಕಡೆ ನೋಡುತ್ತಲೇ ಕೇಳಿದಳು. "ಯಾವ ಕತ್ತಿರೀ ಅದು? ನಮ್ಮ ಮನ್ಯಾಗ ಇರೂದು ಈಳಿಗಿ ಒಂದ."

"ಮಾಡಿಸಿದ್ರಾತು ಬಿಡ" ಎಂದ ಮಾಲತೇಶಪ್ಪ. ಊರಿಗೆಲ್ಲ ಕೆಂಪು ಮೆಣಸಿನಕಾಯಿ ಆರಿಸಿ ಕೊಡುವವನಿಗೆ ಒಂದು ಕತ್ತಿ ಆರಿಸುವುದು ಯಾವ ಲೆಕ್ಕ ಎಂಬ ಧೈರ್ಯ ಅವನದು.

ಮೊಬೈಲಿನಲ್ಲಿ ಹುಡುಕಿದಾಗ ಬೆಳಗಾವಿಯ ಜಾವೇದ ಎಂಬ ಕುಶಲಕರ್ಮಿ ಸಿಕ್ಕ. ಗಿರಾಕಿ ಹೇಳಿದ ಅಳತೆಗೆ ಕ್ಷೌರದ ಕತ್ತಿ ಮಾಡಿಕೊಡುವುದೇ ಅವನ ಕಸುಬು. ಪಾಪ, ಬಹಳ ತಾಳ್ಮೆಯ ಮನುಷ್ಯ. ಫೋನಿನಲ್ಲಿ ಒಂದೊಂದಾಗಿ ಕೇಳಿದ.

"ಅಲಗು ಎಷ್ಟು ಅಗಲ ಇರ್ಲಿರಿ?"

"ಇದ್ದುದರಾಗ ದೊಡ್ಡದು ಮಾಡ್ರಿ."

"ದೊಡ್ಡ ಅಲಗು ಮೂಗಿನ ಕೆಳಗ ತಿರುಗೂದಿಲ್ರಿ. ಹೊಸಬರಿಗೆ ನಡುವಿಂದು ಚಲೋ. ತುದಿನೂ ದುಂಡಗಿರ್ಲಿ, ಚೌಕ ಮಾಡಿದ್ರ ಮೂಲಿ ಚುಚ್ಚತೈತಿ."

"ಯಾರ್ರೀ ಇಲ್ಲಿ ಹೊಸಬರು?" ಮಾಲತೇಶಪ್ಪನಿಗೆ ರೇಗಿತು. "ಚೌಕನ ಇರ್ಲಿ. ಮೂಲಿ ಸೂಜಿ ಹಂಗ ಇರ್ಬೇಕು. ಮೊದಲ ಒಂದು ಸ್ಯಾಂಪಲ್ ಕಳಸ್ರಿ, ಮುರದು ನೋಡತೇನಿ."

ಮೆಣಸಿನಕಾಯಿಯಾದರೆ ಮುರಿದು, ಮೂಸಿ, ಬೀಜ ಉದುರಿಸಿ ನೋಡಬಹುದು. ಕತ್ತಿಯನ್ನು ಹಾಗೆ ನೋಡಲಾಗದೆಂದು ತಿಳಿಸಿ ಹೇಳುವುದರಲ್ಲಿ ಜಾವೇದನ ಅರ್ಧ ದಿನ ಹೋಯಿತು. ಆಮೇಲೆ ಹಿಡಿಯ ಪ್ರಶ್ನೆ ಬಂತು. ಮಾಲತೇಶಪ್ಪ ಕೋಣದ ಕೊಂಬಿನ ಹಿಡಿ ಎಂದ. ಅಡುಗೆಮನೆಯಿಂದ ನಿರ್ಮಲಾ ಸೌಟು ಹಿಡಿದುಕೊಂಡೇ ಬಂದಳು.

"ಯಮಧರ್ಮನ ಗಾಡಿ ಕೊಂಬು ತಂದು ಕುತಿಗಿ ಹತ್ರ ಹಿಡ್ಕೊಂತೀರೇನು? ಮಗಳ ನಿಶ್ಚಯ ಐತಿ, ನೆನಪೈತೋ ಇಲ್ಲೋ?"

ಹಿಡಿ ಬೀಟೆ ಮರದ್ದಾಯಿತು. ಅಲಗಿನ ಮೇಲೆ ತನ್ನ ಹೆಸರು, ಅಂಗಡಿಯ ಹೆಸರು, ಅದರ ಕೆಳಗೆ ಫೋನ್ ನಂಬರು ಕೊರೆಯಬೇಕೆಂದು ಮಾಲತೇಶಪ್ಪ ಹಟ ಹಿಡಿದ. "ಇದು ಕತ್ತಿರೀ ಸರ, ಕ್ಯಾಲೆಂಡರ್ ಅಲ್ಲ" ಎಂದು ಜಾವೇದ ಅಳುವುದೊಂದು ಬಾಕಿ. ಕೊನೆಗೆ ಹೆಸರೊಂದೇ ಎಂದು ರಾಜಿಯಾಯಿತು.

ಕತ್ತಿ ಬಂದ ದಿನ ಮನೆಯಲ್ಲಿ ಹೊಸ ಟ್ರ್ಯಾಕ್ಟರ್ ಬಂದಷ್ಟು ಸಡಗರ. ನಿರ್ಮಲಾ ಬೈಯುತ್ತಲೇ ಅದಕ್ಕೆ ಅರಿಷಿಣ ಕುಂಕುಮ ಹಚ್ಚಿ, ಹೂ ಏರಿಸಿ, ತೆಂಗಿನಕಾಯಿ ಒಡೆದು ದೇವರ ಮುಂದೆ ಇಟ್ಟಳು. ಕಬ್ಬಿಣದ ವಸ್ತು ಮನೆಗೆ ಬಂದರೆ ಹಾಗೆ ಮಾಡಬೇಕಾದದ್ದೇ. ಮರುದಿನ ನೋಡಿದರೆ ಕುಂಕುಮ ಇದ್ದಲ್ಲೆಲ್ಲ ಅಲಗಿಗೆ ತುಕ್ಕಿನ ಚುಕ್ಕೆ. ಮಾಲತೇಶಪ್ಪ ಗಾಬರಿಯಾಗಿ ಬೆಳಗಾವಿಗೆ ಫೋನ್ ಹಚ್ಚಿದ.

"ಹಸಿ ಇಡಬಾರದ್ರಿ ಅದನ್ನ!" ಎಂದು ಜಾವೇದ ಕೂಗಿಕೊಂಡ. "ಸ್ಟೀಲ್ ತಾಟು ಅಂದ್ಕೊಂಡ್ರೇನು? ಒಣಾ ಅರಿವಿಲೆ ಒರಸಿ, ಒಂದ ಹನಿ ಎಣ್ಣಿ ಸವರಿ ಇಡ್ರಿ. ಗಡ್ಡ ಮಾಡ್ಕೊಳ್ಳೂಕಿಂತ ಮೊದಲ ಚರ್ಮದ ಪಟ್ಟಿಗೆ ತಿಕ್ಕಬೇಕು. ಬೆನ್ನು ಮುಂದ ಮಾಡಿ ಎಳೀರಿ. ಅಲಗು ಮುಂದಾದ್ರ ಪಟ್ಟಿ ಹರೀತೈತಿ, ಧಾರಿನೂ ಹೋಗತೈತಿ. ಕುಡಗೋಲು ಮಸಿಯೋ ಕಲ್ಲಿನ ಹತ್ರ ಒಯ್ಯಬ್ಯಾಡ್ರಿ, ಕೈ ಮುಗೀತೇನಿ!"

ಯಾವ ಎಣ್ಣೆ ಎಂದು ಕೇಳುವುದನ್ನು ಮಾಲತೇಶಪ್ಪ ಮರೆತ. ಒಗ್ಗರಣೆಗೆ ಇಟ್ಟಿದ್ದ ಶೇಂಗಾ ಎಣ್ಣೆ ಧಾರಾಳವಾಗಿ ಸವರಿ ಇಟ್ಟ. ಡಬ್ಬಿಗೆ ಇರುವೆ ಮುತ್ತಿದವು. ಅವುಗಳನ್ನು ಓಡಿಸಿ, ಕತ್ತಿಯ ಜೊತೆಗೆ ಬಂದಿದ್ದ ಚರ್ಮದ ಪಟ್ಟಿಯನ್ನು ತೂಗುಹಾಕಲು ಜಾಗ ಹುಡುಕಿದರೆ ಮನೆಯಲ್ಲಿ ಎದೆಮಟ್ಟಕ್ಕೆ ಗಟ್ಟಿಯಾದ ಕೊಂಡಿ ಇದ್ದದ್ದು ದೇವರ ಕೋಣೆಯ ಬಾಗಿಲಿಗೆ ಮಾತ್ರ. ಅದಕ್ಕೇ ಸಿಕ್ಕಿಸಿ ತಿಕ್ಕತೊಡಗಿದ. ಆಗ ನಿರ್ಮಲಾ ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಪಟ್ಟಿ, ಕತ್ತಿ, ಕನ್ನಡಿ ಮತ್ತು ಮಾಲತೇಶಪ್ಪ ನಾಲ್ಕೂ ಅಂಗಡಿಯ ಗೋದಾಮಿಗೆ ವರ್ಗವಾದವು.

ಇಲ್ಲಿ ಒಂದು ಮಾತು ಹೇಳಬೇಕು. ಬ್ಯಾಡಗಿ ಮೆಣಸಿನಕಾಯಿಗೆ ಹೆಸರಿರುವುದು ಬಣ್ಣಕ್ಕೆ, ಖಾರಕ್ಕಲ್ಲ. ಅದೊಂದೇ ಗೋದಾಮಿನಲ್ಲಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಆ ವಾರ ಅಲ್ಲಿ ಗುಂಟೂರಿನ ಕಾಯಿಯ ಚೀಲಗಳು ಸೂರು ಮುಟ್ಟುವಂತೆ ಬಿದ್ದಿದ್ದವು. ಹಮಾಲರು ಚೀಲ ಎತ್ತಿ ಒಗೆದಾಗಲೆಲ್ಲ ಎದ್ದ ಕೆಂಪು ಹುಡಿ, ಎಣ್ಣೆ ಕುಡಿದು ಮೆತ್ತಗಾಗಿದ್ದ ಚರ್ಮದ ಪಟ್ಟಿಯ ಮೇಲೆ ನಿಧಾನವಾಗಿ ಕೂರುತ್ತಿತ್ತು. ಪಟ್ಟಿಯ ಬಣ್ಣ ದಿನದಿಂದ ದಿನಕ್ಕೆ ಕೆಂಪಾಗುವುದನ್ನು ಕಂಡ ಮಾಲತೇಶಪ್ಪ, ಚರ್ಮ ಹದಕ್ಕೆ ಬರುತ್ತಿದೆ ಎಂದು ಹಿಗ್ಗಿದ.

ನಿಶ್ಚಯ ರವಿವಾರಕ್ಕೆ ಗೊತ್ತಾಗಿತ್ತು. ಗುರುವಾರ ಬೆಳಿಗ್ಗೆ ಮಾಲತೇಶಪ್ಪ ಗೋದಾಮಿನ ಬಾಗಿಲು ಹಾಕಿಕೊಂಡು ಮೊದಲ ಸಲ ಕತ್ತಿಯನ್ನು ಮುಖಕ್ಕೆ ಮುಟ್ಟಿಸಲು ನಿಂತ. ನಿರ್ಮಲಾ ಮಗಳನ್ನು ಕರೆದುಕೊಂಡು ಹಾವೇರಿಗೆ ಸೀರೆ ತರಲು ಹೋಗಿದ್ದಳು. ಸಾಬೂನಿನ ನೊರೆ ಹಚ್ಚಿಕೊಂಡು, ಜಾವೇದ ಹೇಳಿದಂತೆ ಬೆನ್ನು ಮುಂದೆ ಮಾಡಿ ಕತ್ತಿಯನ್ನು ಪಟ್ಟಿಗೆ ಚೆನ್ನಾಗಿ ತಿಕ್ಕಿದ. ಧಾರೆ ನೋಡಲು ಅಂಗೈಗೆ ಸವರಿಕೊಂಡ. ಬಲಗಲ್ಲದ ಮೇಲೆ ಮೊದಲ ಎಳೆತ ಸೊಗಸಾಗಿಯೇ ಹೋಯಿತು. ಎರಡನೆಯದು ಮುಗಿಯುವಷ್ಟರಲ್ಲಿ ಗಲ್ಲ ಬೆಚ್ಚಗಾಯಿತು. ಆಮೇಲೆ ಸುಡತೊಡಗಿತು. ಉರಿಯುವ ಗಲ್ಲವನ್ನು ಅಂಗೈಯಿಂದ ಒರೆಸಿಕೊಂಡ. ಅದೇ ಅಂಗೈಯಿಂದ ಕಣ್ಣನ್ನೂ ಒರೆಸಿಕೊಂಡ. ಮುಂದಿನದು ದೇವರಿಗೇ ಗೊತ್ತು. ಕತ್ತಿ ಮೂಗಿನ ಕೆಳಗಿದ್ದಾಗ ಗೋದಾಮಿನ ತಗಡು ಅದುರುವಂಥ ಒಂದು ಸೀನು ಬಂತು.

ಕಣ್ಣು ಬಿಟ್ಟು ಕನ್ನಡಿ ನೋಡಿದರೆ ಎಡಗಡೆಯ ಮೀಸೆ ಇತ್ತು. ಬಲಗಡೆಯದು ನೆಲದ ಮೇಲಿತ್ತು.

ಹೆಗಲ ಮೇಲಿನ ವಲ್ಲಿಯನ್ನು ಮುಖಕ್ಕೆ ಸುತ್ತಿಕೊಂಡು ಅವನು ಹಿಂದಿನ ಓಣಿಯಿಂದ ಅಬ್ದುಲರಜಾಕನ ಅಂಗಡಿಗೆ ಓಡಿದ. ರಜಾಕ ವಲ್ಲಿ ಸರಿಸಿ ನೋಡಿ, "ಯಾ ಅಲ್ಲಾ!" ಎಂದು ಕುರ್ಚಿಯ ಮೇಲೆ ತಾನೇ ಕೂತುಬಿಟ್ಟ.

"ಎರಡು ವಾರಾತು ನೀ ಈ ಕಡೆ ಹಾಯ್ದು. ಹೆಸರು ಕೊರಿಸಿದ ಉಸ್ತರಾ ಬಂದೈತೆಂತ, ನಮ್ಮ ಕೈ ಬ್ಯಾಡಾತಂತ ಮಂದಿ ಹೇಳತಿದ್ರು. ಬ್ಯಾಸರಾಗಿತ್ತು ನನಗ. ಈಗ ಈ ಮಾರಿ ನೋಡಿ ಎಲ್ಲಾ ಹೋತು ನೋಡು. ಏನ್ ಮಾಡ್ಲಿ ಹೇಳು?"

"ಎರಡೂ ಕಡೆ ಸಮ ಮಾಡು" ಎಂದು ಮಾಲತೇಶಪ್ಪ ಊದಿದ ತುಟಿಗಳ ನಡುವಿನಿಂದ ಹೇಳಿದ.

"ಹೋದದ್ದನ್ನ ಹಚ್ಚಾಕ ಬರೂದಿಲ್ಲ. ಉಳದದ್ದನ್ನ ತಗೀಬೇಕಷ್ಟ."

ಉಳಿದದ್ದೂ ಹೋಯಿತು. ಮಾಲತೇಶಪ್ಪ ಅಂಗಡಿಯಿಂದ ಹೊರಬಿದ್ದಾಗ ಅವನ ರೂಪ ಹೀಗಿತ್ತು: ಮೂಗಿನ ಕೆಳಗೆ ಬೋಳು, ಕೆಂಡದಂಥ ಕಣ್ಣು, ಧಾರಾಕಾರ ನೀರು, ಮಾತಾಡಲಾಗದ ಬಾಯಿ, ಹೆಗಲ ಮೇಲೊಂದು ವಲ್ಲಿ. ನಮ್ಮ ಕಡೆ ಇಷ್ಟು ಕಂಡ ಮೇಲೆ ಯಾರೂ ವಿವರ ಕೇಳುವುದಿಲ್ಲ. ಹೆತ್ತವರು ಬದುಕಿರುವವರೆಗೆ ಗಂಡುಮಗ ಮೀಸೆ ತೆಗೆಸುವುದಿಲ್ಲ. ಮಾಲತೇಶಪ್ಪನ ತಾಯಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಉಳಿದಿದ್ದವನು ಕದರಮಂಡಲಗಿಯಲ್ಲಿ ಕಿರಿಯ ಮಗನ ಜೊತೆಗಿದ್ದ ಅಪ್ಪ ಹನುಮಪ್ಪ. ಲೆಕ್ಕ ಬಹಳ ಸರಳ.

ಮೊದಲು ಕಂಡವರು ಪಕ್ಕದ ಅಂಗಡಿಯ ದಲಾಲ ರುದ್ರಮುನಿ. ಊರಿನಲ್ಲಿ ಯಾರು ಹುಟ್ಟಲಿ, ಯಾರು ಸಾಯಲಿ, ಬ್ಯಾನರು ಅವರದೇ.

"ಯಾವಾಗಾತೋ ತಮ್ಮಾ?" ರುದ್ರಮುನಿಯವರು ಅವನ ಕೈ ಹಿಡಿದುಕೊಂಡು ಕೇಳಿದರು.

ಮಾಲತೇಶಪ್ಪ ಮೀಸೆಯನ್ನು ನೆನೆದು, "ಈಗ ಮುಂಜೇಲೆ" ಎಂದ.

"ತ್ರಾಸು ಆತೇನು?"

"ಇಲ್ರಿ. ಒಂದು ಸೀನು ಬಂತು, ಮುಗೀತು."

"ಪುಣ್ಯವಂತರು!" ಎಂದು ರುದ್ರಮುನಿಯವರು ಅವನನ್ನು ತಬ್ಬಿಕೊಂಡರು. ಒಂದು ಮೀಸೆಗೆ ಇಷ್ಟು ಮರುಗುವ ನೆರೆಯವರನ್ನು ಪಡೆದ ತಾನೇ ಪುಣ್ಯವಂತನೆಂದು ಮಾಲತೇಶಪ್ಪನಿಗೆ ಅನಿಸಿ, ಇನ್ನಷ್ಟು ನೀರು ಬಂತು. ಅವನು ಮನೆಗೆ ಹೋಗಿ, ಮುಖದ ಮೇಲೆ ಮಜ್ಜಿಗೆಯಲ್ಲಿ ಅದ್ದಿದ ಬಟ್ಟೆ ಹಾಕಿಕೊಂಡು, ಫೋನ್ ಆಫ್ ಮಾಡಿ ಮಲಗಿಬಿಟ್ಟ.

ಆ ಸಮಯದಲ್ಲಿ ಪೇಟೆ ಸುಮ್ಮನಿರಲಿಲ್ಲ. ರುದ್ರಮುನಿಯವರು ಚೀಲ ಎತ್ತುತ್ತಿದ್ದ ಹಮಾಲರನ್ನು ನಿಲ್ಲಿಸಿ ಮೌನ ಆಚರಿಸಿದರು. ಹಮಾಲರ ಮುಖಂಡ ಕೊಟ್ರಪ್ಪ ಎರಡು ಮಾತಾಡಿ, ಹನುಮಪ್ಪಜ್ಜ ಸಾಯುವ ಮೊದಲು ಆಂಜನೇಯಸ್ವಾಮಿ ಕನಸಿನಲ್ಲಿ ಬಂದು ಕರೆದಿದ್ದನೆಂದು ಹೇಳಿದ. ಅದು ಅವನಿಗೆ ಹೇಗೆ ಗೊತ್ತೆಂದು ಯಾರೂ ಕೇಳಲಿಲ್ಲ. ಮಧ್ಯಾಹ್ನದೊಳಗೆ ಎಲ್ಲರ ಮೊಬೈಲ್ ಸ್ಟೇಟಸ್ಸಿನಲ್ಲಿ ಹನುಮಪ್ಪಜ್ಜ ದೀಪದ ನಡುವೆ ಉರಿಯುತ್ತಿದ್ದ, ಕೆಳಗೆ 'ಮತ್ತೆ ಹುಟ್ಟಿ ಬನ್ನಿ' ಎಂದು ದಪ್ಪ ಅಕ್ಷರ.

ಹಾವೇರಿಯ ಸೀರೆ ಅಂಗಡಿಯಲ್ಲಿ ನಿರ್ಮಲಾ ಅದನ್ನು ನೋಡಿ, ಹಸಿರು ಸೀರೆಯನ್ನು ಕೈಯಲ್ಲಿ ಹಿಡಿದುಕೊಂಡೇ ಗೊಳೋ ಎಂದು ಅತ್ತಳು. ಗಂಡನ ಫೋನ್ ಹತ್ತಲಿಲ್ಲ. ಮಣ್ಣು ಯಾವಾಗ ಎಂದು ಮೈದುನನನ್ನು ಕೇಳಲು ಕದರಮಂಡಲಗಿಗೆ ಹಚ್ಚಿದಳು. ಆ ಕಡೆ ಎತ್ತಿದ್ದು ಹನುಮಪ್ಪ.

"ಹಲೋ, ಯಾರು?"

ನಿರ್ಮಲಾಳ ಅಳು ಥಟ್ಟನೆ ನಿಂತಿತು. "ಮಾ... ಮಾವಾರ? ನೀವು ಹೋಗೀರಂತಲ್ರಿ!"

"ಎಲ್ಲಿಗೆ ಹೋಗ್ಲೇ ಯವ್ವಾ? ಇಲ್ಲೇ ಎಮ್ಮಿ ಹಿಂಡಾಕತ್ತೇನಿ."

ವಿಷಯ ಪೂರ್ತಿ ತಿಳಿಯುತ್ತಲೇ ಹನುಮಪ್ಪ ಚರಿಗೆಯನ್ನು ಅಲ್ಲೇ ಬಿಟ್ಟ. ರುಮಾಲು ಸುತ್ತಿಕೊಂಡು, ಮೀಸೆಗೆ ಬೆಣ್ಣೆ ಹಚ್ಚಿಕೊಂಡು ಬ್ಯಾಡಗಿಯ ಬಸ್ಸು ಹತ್ತಿದ. ಆ ಮೀಸೆಯ ಬಗ್ಗೆ ಹೇಳಲೇಬೇಕು. ಕಪಾಳದವರೆಗೆ ಏರಿ, ಅಲ್ಲಿ ಒಂದು ಸುತ್ತು ಹಾಕಿ ನಿಂತ ಬಿಳಿ ಮೀಸೆ ಅದು. ಪವಿತ್ರಾ ಕೂಸಾಗಿದ್ದಾಗ ಅದನ್ನೇ ಹಿಡಿದು ಎದ್ದು ನಿಲ್ಲಲು ಕಲಿತವಳು. ಬಸ್ಸಿನಲ್ಲಿ ಅದನ್ನು ಕಂಡ ಕಂಡಕ್ಟರ್ ಟಿಕೆಟ್ ಹರಿಯದೆ ಎರಡು ಹೆಜ್ಜೆ ಹಿಂದೆ ಸರಿದನಂತೆ. ಅವನೂ ಸ್ಟೇಟಸ್ ನೋಡಿದ್ದ.

ಸಂಜೆಯ ಹೊತ್ತಿಗೆ ಮಾಲತೇಶಪ್ಪನ ಮನೆಯ ಮುಂದೆ ಶಾಮಿಯಾನ ಬಿದ್ದಿತ್ತು, ಅದೂ ರುದ್ರಮುನಿಯವರದೇ ಖರ್ಚು. ಮಜ್ಜಿಗೆ ಬಟ್ಟೆ ತೆಗೆದು ಹೊರಬಂದ ಮಾಲತೇಶಪ್ಪ ಎದುರಿಗೆ ತನ್ನ ಅಪ್ಪನ ಬ್ಯಾನರು ಕಂಡು, ಅಪ್ಪ ಖರೇನೇ ಸತ್ತನೆಂದು ತಿಳಿದು ಬೋರಾಡಿ ಅತ್ತ. ಈಗ ಅವನನ್ನು ಸಮಾಧಾನ ಮಾಡಲು ಯಾರಿಂದಲೂ ಆಗಲಿಲ್ಲ. ಆ ಅಳುವಿನಲ್ಲಿ ಮೆಣಸಿನಕಾಯಿಯ ಪಾಲು ಸ್ವಲ್ಪವೂ ಇರಲಿಲ್ಲ. ಅದೇ ಗಳಿಗೆಗೆ ಒಂದು ಕಡೆಯಿಂದ ಹಾರ ಹಿಡಿದ ಗುಡ್ಡಪ್ಪನವರು ಕಾರಿನಿಂದ ಇಳಿದರು, ಜೊತೆಗೆ ಅವರ ಅಕ್ಕ ದ್ಯಾಮವ್ವ. ಇನ್ನೊಂದು ಕಡೆಯಿಂದ ನಿರ್ಮಲಾ, ಪವಿತ್ರಾ ಬಂದರು. ಅವರ ಹಿಂದೆ, ಜನರನ್ನು ಮೊಣಕೈಯಿಂದ ಸರಿಸುತ್ತ, ಸತ್ತವನು ಬಂದ.

ಹನುಮಪ್ಪ ಬ್ಯಾನರಿನ ಮುಂದೆ ನಿಂತು ಮೇಲಿಂದ ಕೆಳಗೆ ನೋಡಿದ. "ಹುಟ್ಟಿ ಬನ್ನಿ ಅಂತ ಬರದೀರಲ್ಲ, ಮೊದಲ ಹೋಗಾಕರೆ ಬಿಡ್ರಿ. ಯಾವ ಮಗ ಹೇಳಿದ್ದು ನಾ ಸತ್ತೇನಂತ?"

ಎಲ್ಲರೂ ಮಾಲತೇಶಪ್ಪನ ಕಡೆ ಬೊಟ್ಟು ತೋರಿಸಿದರು. ಮಾಲತೇಶಪ್ಪ ಓಡಿಹೋಗಿ ಅಪ್ಪನ ಕಾಲು ತಬ್ಬಿಕೊಂಡ. "ಯಪ್ಪಾ! ಅದೀಯಲ್ಲೋ!" ಎಂಬುದಷ್ಟೇ ಅವನ ಬಾಯಿಂದ ಬಂತು. ಆಮೇಲೆ ಸೀನಿನ ಕತೆ ಹೊರಬಿತ್ತು. ಜನ ನಕ್ಕರು, ಹನುಮಪ್ಪನೂ ನಕ್ಕ. ರುದ್ರಮುನಿಯವರು ಮಾತ್ರ ನಗಲಿಲ್ಲ, ಬ್ಯಾನರು ಬಹಳ ಚೆನ್ನಾಗಿ ಬಂದಿತ್ತು.

ಎಲ್ಲ ಮುಗಿಯಿತು ಎನ್ನುವಾಗ ದ್ಯಾಮವ್ವ ಬಾಯಿ ತೆರೆದಳು. ಶಕುನದ ವಿಷಯದಲ್ಲಿ ಗುಡ್ಡಪ್ಪನವರ ಮನೆಯಲ್ಲಿ ಅವಳದೇ ಕೊನೆಯ ಮಾತು.

"ಅಜ್ಜಾರು ಅದಾರ, ಸಂತೋಷ. ಆದ್ರ ಅಪ್ಪ ಇದ್ದಾಗ ಮಗ ಮೀಸಿ ಬೋಳಿಸ್ಯಾನಲ್ಲ! ಇಂಥಾ ಮಾರಿ ಇಟ್ಕೊಂಡು ಹುಡುಗಿ ಅಪ್ಪ ರವಿವಾರ ತಾಟು ಹಿಡಿದ್ರ, ಮಂದಿ ಏನಂದಾರು? ಶಕುನ ಛಲೋ ಇಲ್ಲ ತಮ್ಮಾ. ಮೀಸಿ ಬೆಳೀಲಿ, ಆಮೇಲೆ ನೋಡೋಣು."

ಮೀಸೆ ಬೆಳೆಯುವಷ್ಟರಲ್ಲಿ ಆಷಾಢ ಬರುತ್ತಿತ್ತು. ಮುಂದೆ ಹಾಕಿದ ಎಷ್ಟು ಸಂಬಂಧಗಳು ಮುರಿದುಹೋಗಿಲ್ಲ? ಪವಿತ್ರಾ ಸೀರೆಯ ಚೀಲವನ್ನು ಎದೆಗೊತ್ತಿಕೊಂಡು ಒಳಗೆ ಹೋದಳು. ಮಾಲತೇಶಪ್ಪನಿಗೆ ತನ್ನ ನಾಲಿಗೆಯನ್ನು ಅದೇ ಕತ್ತಿಯಿಂದ ಕೊಯ್ದುಕೊಳ್ಳಬೇಕೆನಿಸಿತು. ಮಗಳ ಬಾಳಿಗಿಂತ ಒಂದು ಜಂಬ ದೊಡ್ಡದಾಯಿತಲ್ಲ ಎಂದು ತನ್ನನ್ನೇ ಬೈದುಕೊಂಡ.

ಹನುಮಪ್ಪ ಮೊಮ್ಮಗಳು ಹೋದ ಬಾಗಿಲನ್ನೇ ನೋಡುತ್ತ ನಿಂತಿದ್ದ. ಆಮೇಲೆ ಕೆಮ್ಮಿದ.

"ಯವ್ವಾ ದ್ಯಾಮವ್ವ, ಅದು ಶಕುನ ಅಲ್ಲ, ನಮ್ಮ ಮನಿ ಪದ್ಧತಿ. ಹೆಣ್ಣಿನ ನಿಶ್ಚಯಕ್ಕಿಂತ ಮೊದಲ ನಮ್ಮಲ್ಲಿ ಗಂಡಸರು ಮೀಸಿ ಕೊಡತಾರ. ಮಗಳನ್ನ ಕೊಡೋ ಮನ್ಯಾಗ ಸೊಕ್ಕು ಇರಬಾರದಂತ."

ಈ ಪದ್ಧತಿಯನ್ನು ಮಾಲತೇಶಪ್ಪನೂ ಅಂದೇ ಮೊದಲ ಸಲ ಕೇಳಿದ್ದು. ದ್ಯಾಮವ್ವ ಸುಲಭಕ್ಕೆ ಬಿಡುವವಳಲ್ಲ. "ಹಂಗಾರ ನಿಮ್ಮ ಮೀಸಿ ಯಾಕೈತ್ರಿ?"

"ಮೊದಲ ಮಗಂದು, ಆಮೇಲೆ ಅಪ್ಪಂದು. ನಂದು ಇವತ್ತಿತ್ತು. ಅದಕ್ಕಂತನ ಹೆಸರು ಕೊರಿಸಿ ಕತ್ತಿ ಮಾಡಿಸೇವಿ. ಲೇ ಮಾಲತೇಶ, ತಾರೋ ಕತ್ತಿ!"

ಕತ್ತಿ ಬಂತು. ದ್ಯಾಮವ್ವ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ ತಲೆಯಾಡಿಸಿದಳು. ಹನುಮಪ್ಪ ಕುರ್ಚಿಯಲ್ಲಿ ಕೂತು, "ಗುಡ್ಡಪ್ಪನವರ, ನೀವು ಕೈ ಪಳಗಿದವರು. ನೀವ ತಗೀರಿ" ಎಂದ.

ಗುಡ್ಡಪ್ಪನವರ ಹಣೆಯಲ್ಲಿ ಬೆವರು ಮೂಡಿತು. ಕತ್ತಿಯನ್ನು ನೋಡಿದರು, ಅಜ್ಜನ ಕುತ್ತಿಗೆಯನ್ನು ನೋಡಿದರು. "ಖರೇ ಹೇಳ್ಬಿಡ್ತೇನ್ರಿ ಅಜ್ಜಾರ. ನಮ್ಮ ಮುತ್ಯಾನ ಕತ್ತಿ ಶೋಕೇಸ್ ಬಿಟ್ಟು ಹೊರಗ ಬಂದಿಲ್ಲ. ನಂದು ಬ್ಯಾಟರಿ ಮಷೀನು" ಎಂದು ತಗ್ಗಿದ ದನಿಯಲ್ಲಿ ಒಪ್ಪಿಕೊಂಡರು.

ಅಬ್ದುಲರಜಾಕನನ್ನು ಮುಂದೆ ತಳ್ಳಿದರು. ಅವನು ಎರಡೂ ಕೈ ಹಿಂದೆ ಕಟ್ಟಿಕೊಂಡ. "ನಾ ಅರ್ಧ ಬ್ಲೇಡ್ ಸಿಗಸೋ ಉಸ್ತರಾ ಹಿಡದಾಂವ ಅಜ್ಜಾ. ಇಂಥಾದು ನಮ್ಮ ಅಬ್ಬಾ ಹಿಡೀತಿದ್ರು. ಅದನ್ನ ಹಿಡಿಯಾಕ ನನಗ ಬರೂದಿಲ್ಲ."

"ಹಂಗಾರ ನೀನ ಮಾಡೋ" ಎಂದು ಹನುಮಪ್ಪ ಮಗನಿಗೆ ಹೇಳಿದ.

"ಯಪ್ಪಾ, ನನ್ನ ಕೈಲೆ ಆಗೂದಿಲ್ಲ. ಏನರ ಹೆಚ್ಚುಕಡಿಮಿ ಆದ್ರ?"

"ಆದ್ರೇನಾತು? ಸತ್ತ ಸುದ್ದಿ ಮುಟ್ಟೇತಿ, ಮಂದಿ ಬಂದಾರ, ಹಾರಾನೂ ತಂದಾರ. ಅನಕೂಲ ಆತಲ್ಲ!"

ಮಾಲತೇಶಪ್ಪ ಒಳಗೆ ಹೋದ. ಕೊಬ್ಬರಿ ಎಣ್ಣೆಯಲ್ಲಿ ಕೈ ತೊಳೆದ, ಕಡಲೆಹಿಟ್ಟಿನಲ್ಲಿ ತಿಕ್ಕಿದ, ಮತ್ತೆ ಎಣ್ಣೆಯಲ್ಲಿ ತೊಳೆದ. ಖಾರ ನೀರಿಗೆ ಹೋಗುವುದಿಲ್ಲವೆಂಬುದನ್ನು ಆ ದಿನ ಅವನ ಮುಖವೇ ಕಲಿಸಿತ್ತು. ಕತ್ತಿಯನ್ನೂ ಹಾಗೆಯೇ ತೊಳೆದು, ಒಣಬಟ್ಟೆಯಿಂದ ಒರೆಸಿ, ಸೊಂಟದ ಬೆಲ್ಟು ಬಿಚ್ಚಿ ಅದರ ಒಳಮೈಗೆ ಬೆನ್ನು ಮುಂದಾಗಿ ಎಳೆದ. ಅವಸರ ಮಾಡಲಿಲ್ಲ. ಜಾವೇದ ಹೇಳಿದ್ದೆಲ್ಲ ಈಗ ಒಂದೊಂದಾಗಿ ನೆನಪಾಯಿತು. ಹೊರಗೆ ಬಂದು ಅಪ್ಪನ ಮುಖಕ್ಕೆ ನೊರೆ ಹಚ್ಚಿದ.

ಅಪ್ಪನ ಗಲ್ಲವನ್ನು ಅವನು ಎಂದೂ ಮುಟ್ಟಿರಲಿಲ್ಲ. ಆ ಕೈಯಿಂದ ಪೆಟ್ಟು ತಿಂದದ್ದು ನೆನಪಿತ್ತು, ಆ ಹೆಗಲ ಮೇಲೆ ಕೂತದ್ದು ನೆನಪಿತ್ತು, ಆದರೆ ಮುಖ ಇಷ್ಟು ಮೆತ್ತಗಿರುತ್ತದೆಂದು ಗೊತ್ತಿರಲಿಲ್ಲ. ಎಡಗೈಯಿಂದ ಚರ್ಮವನ್ನು ಹಗುರಾಗಿ ಜಗ್ಗಿ ಹಿಡಿದು, ಕತ್ತಿಯನ್ನು ಓರೆ ಮಾಡಿ, ಆ ಚೂಪು ಮೂಲೆಯನ್ನು ಮೂಗಿನಿಂದ ದೂರ ಇಟ್ಟು ಇಷ್ಟಿಷ್ಟೇ ಎಳೆದ. ಹನುಮಪ್ಪ ಕಣ್ಣು ಮುಚ್ಚಿ, ಕೂಸಿನಂತೆ ಗದ್ದ ಎತ್ತಿ ಕೂತಿದ್ದ. ಬಿಳಿ ಮೀಸೆ ಮೊದಲು ಒಂದು ಕಡೆ, ಆಮೇಲೆ ಇನ್ನೊಂದು ಕಡೆ ಟವೆಲಿನ ಮೇಲೆ ಬಿತ್ತು. ಒಂದು ಹನಿ ರಕ್ತ ಬರಲಿಲ್ಲ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಪವಿತ್ರಾ ಬಂದು ಅಜ್ಜನ ಬೋಳು ತುಟಿಯನ್ನು ಸೆರಗಿನಿಂದ ಒರೆಸಿದಳು. "ಅಜ್ಜಾ, ಯಾಕ ತಗಿಸಿದಿ?"

"ಹಗರಾತು ಬಿಡವಾ. ಇನ್ನ ಅಂಬಲಿ ಕುಡಿಯಾಕ ಅಡ್ಡಿಲ್ಲ" ಎಂದ ಹನುಮಪ್ಪ. ಅವನ ಕಣ್ಣಿನಲ್ಲಿ ನೀರಿತ್ತು. ಅದನ್ನು ಅವನು ಸಾಬೂನಿನ ಮೇಲೆ ಹಾಕಿದ.

ದ್ಯಾಮವ್ವ ಎದ್ದು ಬಂದು ಅಜ್ಜನಿಗೆ ಕೈ ಮುಗಿದಳು. ಇಂಥ ಪದ್ಧತಿ ಇರುವ ಮನೆಯ ಹೆಣ್ಣು ಹುಡುಕಿದರೂ ಸಿಗುವುದಿಲ್ಲ, ರವಿವಾರವೇ ಆಗಲಿ ಎಂದಳು. ಸಂತಾಪಕ್ಕೆ ಬಂದವರು ನಿಶ್ಚಯದ ಆಮಂತ್ರಣ ಪಡೆದು ಹೋದರು.

ರವಿವಾರ ಮನೆಯ ಮುಂದೆ ಅದೇ ಶಾಮಿಯಾನ, ಬೇರೆ ಬ್ಯಾನರು. ರಾಣೆಬೆನ್ನೂರಿನಿಂದ ಗುಡ್ಡಪ್ಪನವರ ಟೆಂಪೋ ಬಂದು ನಿಂತಿತು. ಬಾಗಿಲು ತೆರೆದು ಒಬ್ಬೊಬ್ಬರಾಗಿ ಇಳಿಯುತ್ತಿದ್ದಂತೆ ಮಾಲತೇಶಪ್ಪನ ಕೈಯಲ್ಲಿದ್ದ ಪನ್ನೀರಿನ ದಾನಿ ಬಾಗಿತು. ಗುಡ್ಡಪ್ಪನವರಿಗೆ ಮೀಸೆ ಇರಲಿಲ್ಲ. ಅವರ ತಮ್ಮಂದಿರಿಗೆ ಇರಲಿಲ್ಲ, ಭಾವನಿಗೆ ಇರಲಿಲ್ಲ. ಕೊನೆಗೆ ಇಳಿದ ಮದುಮಗನೂ ನುಣ್ಣಗಿದ್ದ.

"ಪದ್ಧತಿ ಅಂದ್ರ ಪದ್ಧತಿರೀ ಬೀಗರ" ಎಂದರು ಗುಡ್ಡಪ್ಪನವರು ಎದೆಯುಬ್ಬಿಸಿ. "ನೀವಷ್ಟ ಸೊಕ್ಕು ಬಿಟ್ಟು ನಾವು ಇಟ್ಕೊಂಡು ಬರೂದು ಚಂದಲ್ಲ ಅಂದ್ಲು ದ್ಯಾಮಕ್ಕ. ನಾ ಮನ್ಯಾಗ ಮಷೀನಿಲೆ ತಗದು ಟೆಂಪೋದಾಗ ಕುಂತಿದ್ದೆ; ಉಳದವರೆಲ್ಲಾ ಪೇಟಿ ನಡುವ ಟೆಂಪೋ ನಿಲ್ಲಿಸಿ, ಸಾಲಿಗೆ ಕುಂತು ತಗಿಸ್ಕೊಂಡು ಬಂದ್ರು."

ತಟ್ಟೆ ಬದಲಾಯಿತು, ಉಂಗುರ ತೊಡಿಸಿಯಾಯಿತು, ಹೆಂಗಸರು ಹಾಡಿದರು. ಪವಿತ್ರಾಳ ಮುಖ ನೋಡಿ ಮಾಲತೇಶಪ್ಪನ ಜೀವ ತಣ್ಣಗಾಯಿತು. ಎಲೆ ಹಾಕುವ ಹೊತ್ತಿಗೆ ಗುಡ್ಡಪ್ಪನವರ ಫೋನ್ ಹೊಡೆದುಕೊಂಡಿತು. ಕಿವಿಗೆ ಹಿಡಿದ ಅವರು ಬಿಳುಚಿಕೊಂಡರು. ರಾಣೆಬೆನ್ನೂರಿನ ಬೀಜದ ವ್ಯಾಪಾರಸ್ಥರೆಲ್ಲ ಅವರ ಮನೆಯ ಮುಂದೆ ಸೇರಿದ್ದರು. ಮಗ ಪೇಟೆಯ ನಡುವೆ ಮೀಸೆ ತೆಗೆಸಿದ್ದನ್ನು ಊರೇ ಕಂಡಿತ್ತು. ಗುಡ್ಡಪ್ಪನವರು ಎಷ್ಟು ಹೊತ್ತಿಗೆ ಹೋದರೆಂದು ಕೇಳಲು, ಅಳುತ್ತ, ಗುಡ್ಡಪ್ಪನವರಿಗೇ ಫೋನ್ ಹಚ್ಚಿದ್ದರು.

"ನಾ ಸತ್ತೇನಂತ್ರಿ" ಎಂದು ಗುಡ್ಡಪ್ಪನವರು ಫೋನ್ ಮುಚ್ಚಿ ಹಿಡಿದು ಸುತ್ತ ನೋಡಿದರು. ಹನುಮಪ್ಪ ಎದ್ದು ಬಂದು, ಅವರ ಹೆಗಲ ಮೇಲೆ ಕೈಹಾಕಿ, ಎಲೆಯ ಮುಂದೆ ಕೂರಿಸಿದ.

"ಗಾಬರಿ ಆಗಬ್ಯಾಡ್ರಿ ಬೀಗರ, ನಾ ಹೋಗಿ ಬಂದಾಂವ ಅದೇನಿ. ಮೊದಲ ಹೊಟ್ಟಿ ತುಂಬ ಊಟ ಮಾಡ್ರಿ. ಊರಿಗೆ ಹೋದ್ರ ಸಾವಿನ ಮನ್ಯಾಗ ಒಲಿ ಹಚ್ಚಿರೂದಿಲ್ಲ, ನಿಮಗ ಯಾರೂ ಒಂದು ತುತ್ತು ಅನ್ನ ಹಾಕೂದಿಲ್ಲ."